ತಮಿಲಾಗೆ ಕ್ರೇನ್ ಕೆಲಸ ಕೊಡಿಸಿದ್ದು

"ಗಂಡಸರಿದ್ದರೆ ಕಳಿಸು" ಎಂಬ ಮಾತನ್ನು ಆ ವಸಂತದಲ್ಲಿ ನಾನು ಎಷ್ಟು ಜನ ಕಂಟ್ರಾಕ್ಟರುಗಳ ಬಾಯಿಂದ ಕೇಳಿದೆನೋ ಲೆಕ್ಕವಿಲ್ಲ. ಕಳಿಸಲು ನನ್ನ ಬಳಿ ಗಂಡಸರಿರಲಿಲ್ಲ. ಯುದ್ಧ ಶುರುವಾದ ವಾರವೇ ಪೋಲೆಂಡಿನ ನಮ್ಮ ಲುಬ್ಲಿನ್ನಿನ ಸೈಟುಗಳಲ್ಲಿ ದುಡಿಯುತ್ತಿದ್ದ ಉಕ್ರೇನಿನ ಗಂಡಸರು ಹೆಲ್ಮೆಟ್ಟು ಕಳಚಿಟ್ಟು, ಸಿಕ್ಕ ಬಸ್ಸು ಹತ್ತಿ, ತಮ್ಮ ಊರು ಕಾಯಲು ಗಡಿಯಾಚೆ ಹೊರಟುಹೋಗಿದ್ದರು. ಅದೇ ರಸ್ತೆಯಲ್ಲಿ ಎದುರುಗಡೆಯಿಂದ ಅವರ ಹೆಂಡಿರು, ತಾಯಂದಿರು, ಮಕ್ಕಳು ಬಂದಿಳಿದಿದ್ದರು. ಅರ್ಧ ಎದ್ದ ಗೋಡೆಗಳು ಹಾಗೇ ನಿಂತಿದ್ದವು. ಆಳು ಬೇಕು ಎಂದು ಕಂಟ್ರಾಕ್ಟರುಗಳು ಬಾಯಿ ಬಡಿದುಕೊಳ್ಳುತ್ತಿದ್ದರು. ಕೆಲಸ ಬೇಕು ಎಂದು ಹೆಂಗಸರು ನನ್ನ ಬಾಗಿಲಾಚೆ ಸಾಲು ನಿಲ್ಲುತ್ತಿದ್ದರು. ನಡುವೆ ನಾನು, ಕಿವಿಗೆ ಫೋನ್ ಹಿಡಿದುಕೊಂಡು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಡದ ಮೇಸ್ತ್ರಿಯಾಗಿದ್ದವನು. ಬೆನ್ನು ಕೈಕೊಟ್ಟ ಮೇಲೆ ಮನೆಯಲ್ಲಿ ಕೂತಿದ್ದೆ. ವಲಸೆ ಬಂದವರಿಗೆ ನೆರವಾಗುವ ಒಂದು ಸಂಘದವರು ಬಂದು, "ಊರಿನ ಕಂಟ್ರಾಕ್ಟರುಗಳೆಲ್ಲ ನಿಮಗೆ ಗೊತ್ತಲ್ಲ, ಲುದ್ವಿಕ್ ಸಾರ್, ನಮ್ಮ ಜೊತೆ ಸೇರಿಕೊಳ್ಳಿ" ಎಂದರು. ಸೇರಿಕೊಂಡೆ. ರೈಲು ನಿಲ್ದಾಣದ ಹತ್ತಿರ, ಮೊದಲು ಚಪ್ಪಲಿ ರಿಪೇರಿ ಅಂಗಡಿಯಾಗಿದ್ದ ಎರಡು ಕೋಣೆಗಳೇ ನಮ್ಮ ಕಚೇರಿ. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಕಚೇರಿ ನೋಡಿಕೊಳ್ಳುತ್ತಿದ್ದವಳು ಕಿಂಗಾ, ನನ್ನ ಮಗಳ ವಯಸ್ಸಿನ ಹುಡುಗಿ. ಒಳ್ಳೆಯವಳು. ನಾನು ಫೋನಿನಲ್ಲಿ ದನಿ ಏರಿಸಿದಾಗಲೆಲ್ಲ ಬಂದು ಮೇಜಿನ ಮೇಲೆ ಚಹಾದ ಲೋಟ ಇಟ್ಟು ಹೋಗುತ್ತಿದ್ದಳು. ಆ ತಿಂಗಳುಗಳಲ್ಲಿ ನಾನು ಕುಡಿದಷ್ಟು ಚಹಾ ಹುಟ್ಟಿದಾಗಿನಿಂದ ಕುಡಿದಿರಲಿಲ್ಲ.

ತಮಿಲಾ ಬಂದದ್ದು ಏಪ್ರಿಲಿನಲ್ಲಿ. ಐವತ್ತು ದಾಟಿದ, ಗಟ್ಟಿ ಭುಜಗಳ, ಕತ್ತರಿಸಿದ ನರೆಗೂದಲಿನ ಹೆಂಗಸು. ಊರು ಖಾರ್ಕಿವ್. ಸೊಸೆಯನ್ನೂ ಮೊಮ್ಮಗುವನ್ನೂ ಜರ್ಮನಿಯ ರೈಲು ಹತ್ತಿಸಿ ತಾನು ಇಲ್ಲೇ ಉಳಿದಿದ್ದಳು. ಮಗ ಸೈನ್ಯದಲ್ಲಿದ್ದ. "ಇನ್ನೂ ದೂರ ಹೋದ್ರೆ ವಾಪಸ್ ಬರೋಕೆ ಆಗಲ್ಲ, ಇಲ್ಲಿಂದಾದ್ರೆ ಗಡಿ ಹತ್ತಿರ" ಎಂದಳು. ಒಂದು ಶಾಲೆಯ ಹಾಸ್ಟೆಲಿನಲ್ಲಿ ಅವಳಿಗೆ ಮಂಚ ಸಿಕ್ಕಿತ್ತು.

ಕಿಂಗಾ ಮೃದುವಾಗಿ ಶುರುಮಾಡಿದಳು. "ಹೋಟೆಲಿನಲ್ಲಿ ರೂಮು ಶುಚಿ ಮಾಡೋ ಕೆಲಸ ಇದೆ. ಅಣಬೆ ಬೆಳೆಯೋ ಕಡೆ ಇದೆ. ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸಾನೂ..."

"ನಾನು ಕ್ರೇನ್ ನಡೆಸೋಳು."

"ಏನಂದ್ರಿ?"

ತಮಿಲಾ ಬೆರಳನ್ನು ಮೇಲಕ್ಕೆತ್ತಿ ಚಾವಣಿ ತೋರಿಸಿದಳು. "ಕ್ರೇನು. ಎತ್ತರದ್ದು. ಹತ್ತೊಂಬತ್ತನೇ ವಯಸ್ಸಿನಿಂದ ನಡೆಸ್ತಿದ್ದೀನಿ. ಹಾಸಿಗೆ ಬಟ್ಟೆ ಮಡಚೋಕೆ ನನಗೆ ಬರಲ್ಲ. ನನ್ನದೇ ಮಡಚಲ್ಲ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ನಾನು ಎಳೆಯನಾಗಿದ್ದಾಗ ನಮ್ಮಲ್ಲೂ ಕ್ರೇನ್ ನಡೆಸುವ ಹೆಂಗಸರಿದ್ದರು. ಆಮೇಲೆ ಅವರು ಎಲ್ಲಿ ಹೋದರೋ. ಶಾಲೆಯಲ್ಲಿ ನಮಗೆ ಬಲವಂತವಾಗಿ ತುರುಕಿದ್ದ ರಷ್ಯನ್ನಿನ ಚೂರುಪಾರು ನೆನಪಿತ್ತು. ಅದರಲ್ಲೇ, ಯಾವ ಬಗೆಯ ಕ್ರೇನು ಎಂದು ಕೇಳಿದೆ. ಅವಳ ಮುಖ ಬಿಗಿಯಿತು.

"ಮೇಸ್ತ್ರಿ, ಆ ಭಾಷೆ ಬೇಡ. ಜೀವಮಾನವೆಲ್ಲ ಮಾತಾಡಿದ್ದೀನಿ, ಇನ್ನು ಸಾಕು. ನೀವು ನಿಮ್ಮ ಭಾಷೇಲಿ ಮಾತಾಡಿ, ನಾನು ನಮ್ಮದರಲ್ಲಿ ಮಾತಾಡ್ತೀನಿ. ಅರ್ಥ ಆಗದಿದ್ರೆ ಕೈ ಇದೆ."

ಅವತ್ತಿನಿಂದ ನನ್ನನ್ನು ಅವಳು ಮೇಸ್ತ್ರಿ ಎಂದೇ ಕರೆದಳು.

ಇದೊಂದು ಸುಲಭದ ಕೆಲಸ ಎಂದು ನಾನು ಅಂದುಕೊಂಡೆ. ಗಾರೆ ಕೆಲಸದವರ ಮಾತು ಹಾಗಿರಲಿ, ಕ್ರೇನ್ ನಡೆಸುವವರು ಊರಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಎರಡು ಸೈಟುಗಳಲ್ಲಿ ಕ್ರೇನು ಸುಮ್ಮನೆ ಗಾಳಿಗೆ ತಿರುಗುತ್ತ ನಿಂತಿದ್ದನ್ನು ನಾನೇ ನೋಡಿದ್ದೆ. ಫೋನ್ ಎತ್ತಿದೆ. ಮೊದಲನೆಯವನು ನಕ್ಕ. ಎರಡನೆಯವನು, "ಲುದ್ವಿಕ್, ನಿನಗೆ ಬೇಜಾರಾದಾಗ ಬಾ, ಬಿಯರ್ ಕುಡಿಯೋಣ. ಹೀಗೆಲ್ಲ ತಮಾಷೆ ಮಾಡ್ಬೇಡ" ಎಂದ. ಮೂರನೆಯವನು ಇಲ್ಲಿಯ ಲೈಸೆನ್ಸು ಇದೆಯೇ ಎಂದು ಕೇಳಿದ. ಅವನೊಬ್ಬನೇ ಕೇಳಬೇಕಾದ್ದನ್ನು ಕೇಳಿದವನು. ಇರಲಿಲ್ಲ. ಅವಳ ಊರಿನ ಲೈಸೆನ್ಸು ಇಲ್ಲಿ ನಡೆಯುವುದಿಲ್ಲವಂತೆ; ತರಬೇತಿ ಮುಗಿಸಿ ಪರೀಕ್ಷೆ ಕಟ್ಟಬೇಕು, ಅದೂ ಪೋಲಿಷಿನಲ್ಲಿ.

"ನಾನು ಇಡೀ ಬಡಾವಣೆ ಎತ್ತಿದ್ದೀನಿ. ಈಗ ಕ್ರೇನ್ ಅಂದ್ರೇನು ಅಂತ ಮಕ್ಕಳ ಜೊತೆ ಕೂತು ಕಲೀಬೇಕಾ?" ಎಂದು ತಮಿಲಾ ರೇಗಿದಳು.

"ಕಲೀಬೇಕು."

"ಇಲ್ಲಿ ಭೂಮಿ ಬೇರೆ ಥರ ಎಳೆಯುತ್ತಾ?"

"ಭೂಮಿ ಒಂದೇ, ಕಚೇರಿ ಬೇರೆ," ಎಂದೆ. ಅದನ್ನು ಹೇಳುವಾಗ ನನಗೇ ಮೈ ಉರಿಯುತ್ತಿತ್ತು.

ತರಬೇತಿಗೆ ಸೇರಿಸಿದೆ. ಸಂಜೆ ನಮ್ಮ ಕಚೇರಿಯಲ್ಲಿ ಕೂತು ನಾನು ಅವಳಿಗೆ ಸೈಟಿನ ಮಾತು ಕಲಿಸಿದೆ: ಏರಿಸು, ಇಳಿಸು, ನಿಲ್ಲು, ನಿಧಾನ, ಕೊಕ್ಕೆ, ಕಂಬಿ, ಹಲಗೆ. ಬೈಗುಳವನ್ನು ಕಲಿಸಬೇಕಾಗಲಿಲ್ಲ. ಅದು ಎರಡು ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಅವಳು ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತರುತ್ತಿದ್ದಳು, ನಾನು ಬ್ರೆಡ್ಡು ತರುತ್ತಿದ್ದೆ. ಒಳ್ಳೆಯ ಶಿಷ್ಯೆಯಲ್ಲ ಅವಳು. ತಪ್ಪಾದರೆ ಭಾಷೆಯದೇ ತಪ್ಪು ಎನ್ನುತ್ತಿದ್ದಳು.

ಮೊದಲ ಸಲ ನಪಾಸಾದಳು. ಉತ್ತರ ಗೊತ್ತಿಲ್ಲದೆ ಅಲ್ಲ. ಪೋಲಿಷಿನಲ್ಲಿ 'ಮರೆ' ಎನ್ನುವುದಕ್ಕೆ ಇರುವ ಶಬ್ದ, ಅವಳು ಹುಟ್ಟಿನಿಂದ ಆಡಿ ಈಗ ಬಿಟ್ಟಿದ್ದ ರಷ್ಯನ್ನಿನಲ್ಲಿ 'ನೆನಪಿಡು' ಎಂದಾಗುತ್ತದೆ. ಕ್ರೇನಿನಿಂದ ಇಳಿಯುವ ಮೊದಲು ಏನೇನನ್ನು ಮರೆಯಬಾರದು ಎಂದು ಪ್ರಶ್ನೆಪತ್ರಿಕೆ ಕೇಳಿತ್ತು. ಏನೇನನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ ಎಂದು ಕೇಳಿದ್ದಾರೆ ಅಂದುಕೊಂಡು ಅವಳು ಎಲ್ಲವನ್ನೂ ತಿರುಗುಮುರುಗು ಮಾಡಿ ಬಂದಿದ್ದಳು. ಅಂಥದೇ ಪ್ರಶ್ನೆಗಳು ಇನ್ನೂ ಕೆಲವಿದ್ದವಂತೆ.

"ಕಿತ್ತು ಬಿಸಾಕಿದ ಭಾಷೆ, ಇನ್ನೂ ನನ್ನ ಕಾಲಿಗೇ ತೊಡರ್ತಾ ಇದೆ," ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಕೂತಳು. ಅವತ್ತು ಕಿಂಗಾ ಚಹಾವನ್ನು ಅವಳ ಮುಂದೆ ಇಟ್ಟಳು.

ಜುಲೈಯಲ್ಲಿ ಪಾಸಾದಳು. ಲೈಸೆನ್ಸು ಹಿಡಿದುಕೊಂಡು ನಾನು ನೇರವಾಗಿ ಮಾರಿಯಾನ್ ಕುಝ್ಮಿರೆಕ್ ಹತ್ತಿರ ಹೋದೆ. ಹಿಂದೆ ನಾವಿಬ್ಬರೂ ಒಂದೇ ಕಂಪನಿಯಲ್ಲಿ ಮೇಸ್ತ್ರಿಗಳಾಗಿದ್ದವರು. ಈಗ ಅವನು ಕಂಟ್ರಾಕ್ಟರು. ಊರ ಹೊರಗೆ, ಹೊಲಗಳು ಮುಗಿದು ಬಡಾವಣೆ ಶುರುವಾಗುವ ಒಂದು ಹಳ್ಳಿಯಲ್ಲಿ ಐದು ಅಂತಸ್ತಿನ ಮನೆಗಳನ್ನು ಕಟ್ಟಿಸುತ್ತಿದ್ದ. ಅವನ ಕ್ರೇನ್ ನಡೆಸುವವನು ಹೆಚ್ಚಿನ ಸಂಬಳಕ್ಕೆ ನಾರ್ವೆಗೆ ಹಾರಿಹೋಗಿದ್ದ.

"ಹೆಂಗಸಾ?" ಎಂದ ಮಾರಿಯಾನ್.

"ಹೆಂಗಸು."

"ಲೋ ಲುದ್ವಿಕ್, ನನ್ನ ಸೈಟಲ್ಲಿ ಹೆಂಗಸರ ಕಕ್ಕಸು ಕೂಡ ಇಲ್ಲ ಕಣೋ."

"ಹಾಕ್ಸು."

"ಒಬ್ಬಳಿಗೋಸ್ಕರಾನಾ?"

"ನಿನ್ನ ಕ್ರೇನ್ ಮೇಲೆ ಕಾಗೆ ಕೂತಿದೆ ನೋಡು. ಅದನ್ನೇ ಕೆಲಸಕ್ಕಿಟ್ಕೋ. ಅದಕ್ಕೆ ಕಕ್ಕಸು ಬೇಡ."

ಅವನು ಮೇಲೆ ನೋಡಿದ. ನಿಜಕ್ಕೂ ಕಾಗೆ ಕೂತಿತ್ತು. ಒಂದು ವಾರ ನೋಡೋಣ, ಆಮೇಲೆ ಮಾತು ಎಂದ. ನೀಲಿ ಬಣ್ಣದ ಪ್ಲಾಸ್ಟಿಕ್ ಕಕ್ಕಸನ್ನು ಲಾರಿಯಲ್ಲಿ ತಂದು ಇಳಿಸಿದಾಗ ಕೆಲಸದವರು ಚಪ್ಪಾಳೆ ತಟ್ಟಿದರು. ತಮಿಲಾ ಅವರಿಗೆ ತಲೆಬಾಗಿ ವಂದಿಸಿ, ಹೆಲ್ಮೆಟ್ಟು ಹಾಕಿಕೊಂಡು ಏಣಿ ಹತ್ತತೊಡಗಿದಳು.

ಹತ್ತಲು ಬಹಳ ಹೊತ್ತು ಹಿಡಿಯಿತು. ಮಂಡಿನೋವು ಇರುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ, ನನಗೂ. ನಡುನಡುವೆ ನಿಂತು ಹೊಲ ನೋಡುವವಳ ಹಾಗೆ ನಟಿಸುತ್ತಿದ್ದಳು. "ಅಜ್ಜಿ, ಊಟಕ್ಕೆ ಇಳಿಯೋದಾದ್ರೆ ಈಗ್ಲೇ ಹೊರಡ್ಬೇಕು!" ಎಂದು ಕೆಳಗಿನಿಂದ ಯಾರೋ ಕೂಗಿದ. ವಾಕಿಟಾಕಿಯಲ್ಲಿ ಅವಳ ದನಿ ಬಂತು: "ಕೂಗಿದವನ ಮುಖ ಇಲ್ಲಿಂದ ಕಾಣುತ್ತೆ. ಇಟ್ಟಿಗೆ ಕಳಿಸ್ಲಾ?" ಅಷ್ಟೂ ಪೋಲಿಷಿನಲ್ಲೇ. ನನಗೆ ಹೆಮ್ಮೆಯಾಯಿತು.

ಅವಳ ಕೆಲಸದಲ್ಲಿ ವಿಶೇಷವೇನೂ ಇರಲಿಲ್ಲ, ಕ್ರೇನಿನ ಕೆಲಸ ಇರಬೇಕಾದದ್ದೇ ಹಾಗೆ. ಕಂಬಿಯ ಕಟ್ಟು ಏರುತ್ತಿತ್ತು, ಹೇಳಿದ ಕಡೆ ಇಳಿಯುತ್ತಿತ್ತು. ವಾರ ಕಳೆಯಿತು, ಮಾರಿಯಾನ್ ಏನೂ ಹೇಳಲಿಲ್ಲ. ಅವನು ಸುಮ್ಮನಿದ್ದಾನೆ ಎಂದರೆ ಒಪ್ಪಿದ್ದಾನೆ ಎಂದೇ ಅರ್ಥ. ನಾನು ಕಚೇರಿಗೆ ಹೋಗಿ ಉಳಿದ ಹೆಂಗಸರಿಗೆ ಹೇಳಿದೆ. ಒಬ್ಬಳು ಟೈಲ್ಸ್ ಹಾಕುವವಳಿದ್ದಳು, ಇನ್ನೊಬ್ಬಳು ಬಣ್ಣ ಹೊಡೆಯುವವಳು. ಇನ್ನು ನಿಮ್ಮದೂ ಆಗುತ್ತದೆ ಎಂದೆ. ನನಗೆ ಅಷ್ಟು ಧೈರ್ಯ ಬಂದಿತ್ತು.

ಆಗಸ್ಟಿನ ಒಂದು ಬೆಳಗ್ಗೆ ಆ ಸೈಟಿನಲ್ಲೇ ಮಾರಿಯಾನ್ ಜೊತೆ ಟೈಲ್ಸಿನವಳ ವಿಷಯ ಮಾತಾಡುತ್ತ ನಿಂತಿದ್ದೆ. ಹಳ್ಳಿಯ ಅಗ್ನಿಶಾಮಕ ಠಾಣೆಯ ಮೇಲಿನ ಸೈರನ್ ಊದಿತು. ಎಲ್ಲೋ ಹುಲ್ಲು ಹೊತ್ತಿಕೊಂಡಿರಬೇಕು. ನಮ್ಮಲ್ಲಿ ಹಳ್ಳಿಯವರೇ ಬೆಂಕಿ ಆರಿಸುವವರು. ಸೈರನ್ ಊದಿದರೆ ಹೊಲ ಬಿಟ್ಟು ಓಡಿ ಬಂದು ಗಾಡಿ ಹತ್ತುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಸದ್ದು, ನಾನು ತಲೆ ಕೂಡ ಎತ್ತಲಿಲ್ಲ.

ಆಮೇಲೆ ಎತ್ತಿದೆ. ಕಂಬಿಯ ಕಟ್ಟೊಂದು ಗಾಳಿಯಲ್ಲಿತ್ತು, ಕೆಳಗೆ ಇಬ್ಬರು ಅದಕ್ಕಾಗಿ ಕೈಚಾಚಿ ನಿಂತಿದ್ದರು. ಕ್ರೇನಿನ ಕೈ ಅವರನ್ನು ಬಿಟ್ಟು ಪಕ್ಕಕ್ಕೆ ತಿರುಗಿತು. ಖಾಲಿ ಜಾಗದಲ್ಲಿ, ಮರಳ ರಾಶಿಯ ಪಕ್ಕ, ಕಂಬಿ ನೆಲ ಮುಟ್ಟಿತು. ಅಲ್ಲಿಗೆ ಕ್ರೇನು ನಿಂತುಬಿಟ್ಟಿತು. ಸೈರನ್ನೂ ನಿಂತಿತು. ಕೆಳಗಿದ್ದವರು ವಾಕಿಟಾಕಿಯಲ್ಲಿ ಕರೆದರು. ಉತ್ತರವಿಲ್ಲ. ಮಾರಿಯಾನ್ ಕರೆದ. ಉತ್ತರವಿಲ್ಲ.

"ಹೃದಯಾಘಾತ ಆಗಿದ್ರೆ?" ಎಂದ.

"ನಾನು ಹತ್ತುತ್ತೀನಿ," ಎಂದೆ.

"ನಿನ್ನ ಬೆನ್ನು?"

ಬೆನ್ನಿನ ಮಾತು ಕೇಳುತ್ತ ನಿಂತರೆ ಆಗುತ್ತದೆಯೇ. ಹತ್ತಿದೆ. ಅರ್ಧದಲ್ಲಿ ಬೆನ್ನು ಹಿಡಿದುಕೊಂಡಿತು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಎಂದು ಗೊತ್ತಿದ್ದದ್ದರಿಂದ ಹತ್ತುತ್ತಲೇ ಹೋದೆ.

ತಮಿಲಾ ಕ್ಯಾಬಿನ್ನಿನ ನೆಲದ ಮೇಲೆ, ಕುರ್ಚಿಯ ಹಿಂದಿನ ಸಂದಿಯಲ್ಲಿ, ಮಂಡಿಗಳನ್ನು ಎದೆಗೊತ್ತಿಕೊಂಡು ಕೂತಿದ್ದಳು. ಕಿವಿಗಳ ಮೇಲೆ ಎರಡೂ ಕೈ. ನನ್ನನ್ನು ಕಂಡು ಕೈ ತೆಗೆದಳು.

"ನಿಂತಿತಾ?"

"ನಿಂತು ಬಹಳ ಹೊತ್ತಾಯ್ತು. ಹುಲ್ಲಿಗೆ ಬೆಂಕಿ ಬಿದ್ದಿದೆ, ಅಷ್ಟೇ."

"ಹುಲ್ಲಿಗೆ," ಎಂದಳು. ಉಸಿರು ಎಳೆದುಕೊಂಡಳು. "ಗೊತ್ತು ನನಗೆ. ಇಲ್ಲಿ ಯುದ್ಧ ಇಲ್ಲ ಅಂತ ಗೊತ್ತು. ಕಾಲಿಗೆ ಗೊತ್ತಾಗ್ಲಿಲ್ಲ. ಕಂಬಿ ಇಳಿಸಿಬಿಟ್ಟೆ. ಯಾರ ತಲೆ ಮೇಲೂ ಬಿಡಲಿಲ್ಲ. ನೋಡಿದ್ರಾ ಅದನ್ನ?"

"ನೋಡಿದೆ."

"ನಮ್ಮೂರಲ್ಲಿ ಮೊದಲನೇ ದಿನ ಊದಿದಾಗ ನಾನು ಮೇಲಿದ್ದೆ. ಕ್ಷಿಪಣಿ ಬರೋದು ಮೇಲಿಂದ ಚೆನ್ನಾಗಿ ಕಾಣುತ್ತೆ, ಮೇಸ್ತ್ರಿ. ನಾನೇ ಎತ್ತಿ ನಿಲ್ಲಿಸಿದ್ದ ಕಟ್ಟಡಕ್ಕೆ ಬಿತ್ತು. ಯಾವ ಗೋಡೆ ಯಾವ ಬೇಸಿಗೇಲಿ ಏರಿಸಿದ್ದು ಅಂತ ಕೂಡ ನೆನಪಿತ್ತು."

ನಾನು ಅಲ್ಲೇ ಬಾಗಿಲಿಗೆ ಒರಗಿ ಕೂತೆ. ಇಬ್ಬರಿಗೆ ಆ ಕ್ಯಾಬಿನ್ನಿನಲ್ಲಿ ಜಾಗವಿರಲಿಲ್ಲ. ದೂರದ ಹೊಲದಲ್ಲಿ ಹೊಗೆ ತೆಳುವಾಗುತ್ತಿತ್ತು.

"ಕೆಳಗೆ ಏನಂತ ಹೇಳ್ತೀರಿ?" ಎಂದು ಕೇಳಿದಳು.

"ಏನಂತ ಹೇಳ್ಲಿ?"

"ಮೋಟಾರು ಬಿಸಿಯಾಯ್ತು ಅನ್ನಿ. ವಾಕಿಟಾಕಿ ಕೆಟ್ಟಿತ್ತು ಅನ್ನಿ. ಇನ್ನೊಂದು ಸಲ ಹೀಗಾಗಲ್ಲ."

"ಆಗಲ್ವಾ?"

ಅವಳು ಮುಖ ತಿರುಗಿಸಿ, ಕುರ್ಚಿ ಹಿಡಿದು ಏಳತೊಡಗಿದಳು. ತನ್ನ ಬಾಯಿಂದ ಸುಳ್ಳು ಹೇಳಲು ಬಾರದ ಹೆಂಗಸು ಎಂಬುದೇ ಅವಳ ಜೊತೆಗಿನ ದೊಡ್ಡ ತೊಂದರೆ.

ಇಳಿಯುವಾಗ ದಾರಿಯುದ್ದಕ್ಕೂ ಮೋಟಾರು ಬಿಸಿಯಾಯಿತು ಎಂದು ಹೇಳುವುದೆಂದೇ ನಿಶ್ಚಯಿಸಿದ್ದೆ. ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೂ ಇದ್ದೆ. ಬುಡದಲ್ಲಿ ಬ್ವಾಝೆಯ್ ನಿಂತಿದ್ದ, ಕೊಕ್ಕೆಗೆ ಹೊರೆ ಕಟ್ಟುವವನು, ದಿನವಿಡೀ ಅವಳ ಕೊಕ್ಕೆಯ ಕೆಳಗೇ ಇರುವವನು. "ಅಜ್ಜಿ ಹುಷಾರಾಗಿದ್ದಾರಾ, ಮೇಸ್ತ್ರಿ? ನಾನು ಹೋಗ್ಲಾ ಮೇಲೆ?" ಎಂದು ಕೇಳಿದ. ಕೈಯಲ್ಲಿ ಅವಳಿಗೆಂದು ನೀರಿನ ಬಾಟಲಿ ಹಿಡಿದಿದ್ದ. ಅವನನ್ನು ನೋಡಿದ ಮೇಲೆ ನನ್ನ ಬಾಯಿಂದ ಮೋಟಾರಿನ ಮಾತು ಹೊರಡಲಿಲ್ಲ. ಮಾರಿಯಾನನನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನು ರೇಗಲಿಲ್ಲ. ರೇಗಿದ್ದರೆ ನಾನೂ ರೇಗಬಹುದಿತ್ತು.

"ಪಾಪ ಕಣೋ," ಎಂದ. "ಆದ್ರೆ ನನ್ನ ಹುಡುಗರು ಕೆಳಗಿರ್ತಾರಲ್ಲ. ಇವತ್ತು ಇಳಿಸಿದ್ಲು. ನಾಳೆ ಇಳಿಸೋಕೆ ಮುಂಚೆ ಕೈ ಮರಗಟ್ಟಿದ್ರೆ? ನೀನೇ ಮೇಸ್ತ್ರಿ ಆಗಿದ್ರೆ ಏನ್ಮಾಡ್ತಿದ್ದೆ, ಹೇಳು."

ನಾನೂ ಅವಳನ್ನು ಮತ್ತೆ ಕ್ರೇನ್ ಹತ್ತಿಸುತ್ತಿರಲಿಲ್ಲ.

ತಮಿಲಾ ಇಳಿದು ಬಂದವಳು ನಮ್ಮಿಬ್ಬರ ಮುಖ ನೋಡಿಯೇ ತಿಳಿದುಕೊಂಡಳು. "ನನ್ನ ಇಳಿಸೋಕೇ ಹತ್ತಿ ಬಂದ್ರಾ, ಮೇಸ್ತ್ರಿ?" ಎಂದಳು. ನಾನು ಏನೋ ಹೇಳಲು ಹೊರಟೆ. ಅವಳು ಆಗಲೇ ಬಸ್ ನಿಲ್ದಾಣದ ಕಡೆ ನಡೆದಿದ್ದಳು. ಬ್ವಾಝೆಯ್ ನೀರಿನ ಬಾಟಲಿ ಹಿಡಿದು ಹಿಂದೆ ಓಡಿದ. ಅವಳು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ನನ್ನ ಓಡಾಟ ಶುರುವಾಯಿತು. ಮೊದಲು ಹಳ್ಳಿಯ ಅಗ್ನಿಶಾಮಕ ಪಡೆಯ ಮುಖ್ಯಸ್ಥನ ಹತ್ತಿರ ಹೋದೆ. ಗೊಬ್ಬರದ ಅಂಗಡಿ ಇಟ್ಟುಕೊಂಡ ದಪ್ಪ ಮನುಷ್ಯ. ಹಗಲು ಹೊತ್ತು ಸೈರನ್ ಊದದೆ ಇರಲು ಆಗುತ್ತದೆಯೇ, ಹೇಗೂ ಎಲ್ಲರ ಫೋನಿಗೂ ಸಂದೇಶ ಹೋಗುತ್ತದಲ್ಲ ಎಂದು ಕೇಳಿದೆ.

"ಟ್ರ್ಯಾಕ್ಟರ್ ಮೇಲೆ ಕೂತವನಿಗೆ ಫೋನ್ ಕೇಳ್ಸುತ್ತಾ, ಯಜಮಾನ್ರೇ?" ಎಂದ. "ಹೋದ್ವರ್ಷ ಪಕ್ಕದ ಹಳ್ಳಿಯವ್ರು ಫೋನ್ ನಂಬ್ಕೊಂಡು ಕೂತ್ರು. ಕೊಟ್ಟಿಗೆ ಪೂರ್ತಿ ಉರಿದುಹೋಯ್ತು, ಒಳಗೆ ಹಸುಗಳಿದ್ವು. ಆಯಮ್ಮನ್ನ ನೋಡಿದ್ರೆ ಅಯ್ಯೋ ಅನ್ಸುತ್ತೆ. ನಮ್ಮನೇಲೂ ಉಕ್ರೇನಿನ ಎರಡು ಕುಟುಂಬಕ್ಕೆ ಜಾಗ ಕೊಟ್ಟಿದ್ದೀವಿ. ಆದ್ರೆ ಬೆಂಕಿ ನಮ್ಮನ್ನ ಕೇಳಿ ಬರಲ್ಲ."

ಸೈಟಿಗಾದರೂ ಮೊದಲು ಫೋನ್ ಮಾಡಿ ಹೇಳಬಹುದೇ ಎಂದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅವನು ನಗದೆ ನನ್ನ ಭುಜ ತಟ್ಟಿದ. ಅದು ಇನ್ನೂ ಕೆಟ್ಟದಾಗಿತ್ತು.

ಕಿಂಗಾ ಮನೋವೈದ್ಯರಿಗಾಗಿ ಹುಡುಕಿದಳು. ಉಕ್ರೇನಿಯನ್ ಬಲ್ಲವರು ಊರಿನಲ್ಲಿ ಬೆರಳೆಣಿಕೆಯಷ್ಟು. ಸರದಿ ಬರುವುದು ಚಳಿಗಾಲಕ್ಕೆ. ಆ ಮಾತು ಎತ್ತಿದರೆ ತಮಿಲಾ ಸಿಡಿದಳು. "ಸೈರನ್ ಕೇಳಿ ಹೆದರದೆ ಇರೋರಿಗೆ ಔಷಧಿ ಕೊಡಿ. ನನಗೆ ಹುಚ್ಚಿಲ್ಲ." ಬೇರೆ ಊರಿನ ಸೈಟುಗಳನ್ನು ವಿಚಾರಿಸಿದೆ, ಸೈರನ್ ಇಲ್ಲದ ಜಾಗಕ್ಕಾಗಿ. ಒಬ್ಬ ಕಂಟ್ರಾಕ್ಟರು ಒಪ್ಪುವ ಹಾಗೆ ಕಂಡ. ಮಾರಿಯಾನನ ಕೆಲಸ ಯಾಕೆ ಬಿಟ್ಟಳು ಎಂದು ಕೇಳಿದ. ಹೇಳಿದೆ. ಅವನು ಆಮೇಲೆ ಫೋನ್ ಎತ್ತಲಿಲ್ಲ. ಒಂದು ದಿನ ಕಚೇರಿಯಲ್ಲಿ ನಾನು ಫೋನನ್ನು ಗೋಡೆಗೆ ಎಸೆದೆ. ಅದು ಒಡೆಯಲೂ ಇಲ್ಲ. ಎತ್ತಿಕೊಂಡು ಬಂದು ಮತ್ತೆ ಕೂತೆ. ಯಾರಾದರೂ ಒಬ್ಬ ಕೆಟ್ಟವನು ಸಿಕ್ಕಿದ್ದರೆ ಅವನನ್ನು ಹಿಡಿದು ಜಾಡಿಸಿ ಹಗುರಾಗಬಹುದಿತ್ತು. ಎಲ್ಲರೂ ಒಳ್ಳೆಯವರು. ಎಲ್ಲರ ಮಾತೂ ಸರಿ. ಕ್ರೇನ್ ಮಾತ್ರ ನಿಂತಿತ್ತು, ಅದನ್ನು ನಡೆಸುವವಳು ಹಾಸ್ಟೆಲಿನ ಮಂಚದ ಮೇಲೆ ಕೂತಿದ್ದಳು.

ಕೊನೆಗೆ ಮಾರಿಯಾನನೇ ಒಂದು ದಾರಿ ಹೇಳಿದ. ಕ್ರೇನಿಗೆ ಲೈಸೆನ್ಸು ಆಗಷ್ಟೇ ಪಡೆದ ಸಿಲ್ವೆಸ್ಟರ್ ಎಂಬವನು ಸಿಕ್ಕಿದ್ದ, ಅನುಭವ ಸಾಲದು. ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವನಿಗೆ ದಾರಿ ಹೇಳುವ ಕೆಲಸ ತಮಿಲಾಗೆ. ಸಂಬಳ ತೀರಾ ಕಡಿಮೆಯೇನಲ್ಲ. ಸೈರನ್ ಊದಿದರೆ ಸೈಟಿನ ಕಚೇರಿಯೊಳಗೆ ಹೋಗಿ ಕೂರಬಹುದು, ಯಾರೂ ಏನೂ ಕೇಳುವುದಿಲ್ಲ.

ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಒಪ್ಪಿದಳು. "ಹಾಸಿಗೆ ಬಟ್ಟೆಗಿಂತ ವಾಸಿ," ಎಂದಳು. ನನ್ನ ಮುಖ ನೋಡದೆ.

ಸೆಪ್ಟೆಂಬರಿನ ಪೂರ್ತಿ ಅವಳು ಕೆಸರಿನಲ್ಲಿ ನಿಂತು ಆಕಾಶದ ಕಡೆ ಬೈದಳು. "ಸಿಲ್ವೆಸ್ಟರ್, ಅದು ಮಗುವಿನ ತೊಟ್ಟಿಲಲ್ಲ, ಹಾಗೆ ತೂಗಬೇಡ!" "ಸಿಲ್ವೆಸ್ಟರ್, ನಿದ್ದೆ ಮಾಡ್ತಿದ್ರೆ ಹೇಳು, ಜೋಗುಳ ಹಾಡ್ತೀನಿ!" ಸಿಲ್ವೆಸ್ಟರ್ ಪಾಪದವನು, "ಸರಿ ಅಕ್ಕ, ಸರಿ ಅಕ್ಕ" ಎನ್ನುತ್ತಿದ್ದ. ಕೆಲಸ ಸಾಗಿತು. ಟೈಲ್ಸಿನವಳನ್ನೂ ಮಾರಿಯಾನ್ ತೆಗೆದುಕೊಂಡ. ಇಂಥವರು ಇನ್ನೂ ಇದ್ದರೆ ಕಳಿಸು, ಗಂಡಸರೇ ಆಗಬೇಕೆಂದೇನಿಲ್ಲ ಎಂದೂ ಹೇಳಿದ. ಕಿಂಗಾ ಅದನ್ನು ದೊಡ್ಡ ಗೆಲುವು ಎಂದು ಸಂಘದವರ ಮುಂದೆ ಹೇಳಿ ನನಗೆ ಚಪ್ಪಾಳೆ ಕೊಡಿಸಿದಳು. ಆ ಚಪ್ಪಾಳೆ ಮುಗಿಯುವ ಮುಂಚೆಯೇ ನಾನು ಎದ್ದು ಹೊರಗೆ ಬಂದೆ. ಊಟದ ಹೊತ್ತಿನಲ್ಲಿ ಎಲ್ಲರೂ ಸಾರಿನ ಬಟ್ಟಲಿನ ಕಡೆ ಬಗ್ಗಿ ಕೂತಾಗ ತಮಿಲಾ ಒಬ್ಬಳು ಖಾಲಿ ಕ್ಯಾಬಿನ್ನಿನ ಕಡೆ ನೋಡುತ್ತಿದ್ದದ್ದನ್ನು ನಾನು ಕಂಡಿದ್ದೆ.

ಅಕ್ಟೋಬರಿನಲ್ಲಿ ಅವಳು ಕಚೇರಿಗೆ ಬಂದಳು. ಅವಳ ಊರಿನ ಸುತ್ತಲಿನ ಪ್ರದೇಶವನ್ನು ಉಕ್ರೇನಿನ ಸೈನ್ಯ ವಾಪಸ್ ಪಡೆದುಕೊಂಡಿತ್ತು. ಹಳೆಯ ಕಂಪನಿಯವರು ಫೋನ್ ಮಾಡಿದ್ದರಂತೆ. ಗಂಡಸರೆಲ್ಲ ಯುದ್ಧದಲ್ಲಿದ್ದರು, ಚಳಿ ಬೀಳುವುದರೊಳಗೆ ಒಡೆದ ಕಟ್ಟಡಗಳನ್ನು ಮುಚ್ಚಬೇಕಿತ್ತು.

"ಹೋಗ್ತಿದ್ದೀನಿ," ಎಂದಳು.

ನನಗೆ ತಡೆಯಲಾಗಲಿಲ್ಲ. "ತಲೆ ಸರಿಯಿದೆಯಾ ನಿಮಗೆ? ಇಲ್ಲಿ ಹುಲ್ಲಿಗೆ ಬೆಂಕಿ ಬಿದ್ರೆ ನೆಲದ ಮೇಲೆ ಕೂತ್ರಿ. ಅಲ್ಲಿ ನಿಜವಾಗ್ಲೂ ಬೀಳುತ್ತೆ! ಅಲ್ಲಿ ಹತ್ತುತ್ತೀರಾ? ನಾನು ಇಷ್ಟೆಲ್ಲ ಒದ್ದಾಡಿದ್ದು, ಪರೀಕ್ಷೆ, ಲೈಸೆನ್ಸು, ಆ ಹಾಳು ಕಕ್ಕಸು, ಎಲ್ಲ ಯಾಕೆ? ವಾಪಸ್ ಹೋಗೋಕಾ?"

ಪಕ್ಕದ ಕೋಣೆಯಿಂದ ಕಿಂಗಾ ಇಣುಕಿದಳು. ಈ ಸಲ ಚಹಾ ತರಲಿಲ್ಲ.

ತಮಿಲಾ ನನ್ನ ಕೂಗಾಟ ಮುಗಿಯುವವರೆಗೂ ಕಾದಳು. "ಮೇಸ್ತ್ರಿ, ಅಲ್ಲಿ ಸೈರನ್ ಊದಿದ್ರೆ ಎಲ್ಲರೂ ಇಳೀತಾರೆ. ಕೊಕ್ಕೆ ಹಾಕೋನು ಓಡ್ತಾನೆ, ಎಂಜಿನಿಯರ್ ಓಡ್ತಾನೆ, ನಾನೂ ಓಡ್ತೀನಿ. ನಿಂತ ಮೇಲೆ ಎಲ್ಲರೂ ವಾಪಸ್ ಹತ್ತುತ್ತೀವಿ. ಇಲ್ಲಿ ನಾನೊಬ್ಳೇ ಇಳಿಯೋದು. ಆ ಸೈಟ್ ಆಫೀಸಲ್ಲಿ ನಾನೊಬ್ಳೇ ಕೂತಿರ್ತೀನಿ, ಕಿಟಕಿ ಆಚೆ ಎಲ್ಲರೂ ಕೆಲಸ ಮಾಡ್ತಿರ್ತಾರೆ. ಯಾರೂ ನಗಲ್ಲ, ಯಾರೂ ಏನೂ ಕೇಳಲ್ಲ. ಅದೇ ನನಗೆ ತಡೆಯೋಕೆ ಆಗದೆ ಇರೋದು."

"ಹೋಗಿ ಹಾಗಾದ್ರೆ" ಎಂದು ಒರಟಾಗಿ ಹೇಳಿ ಫೋನ್ ಎತ್ತಿಕೊಂಡೆ, ಯಾರಿಗೂ ಮಾಡುವುದಿಲ್ಲದಿದ್ದರೂ.

ಬೀಳ್ಕೊಡಲು ಹೋಗಬಾರದು ಎಂದುಕೊಂಡವನು ಹೋದೆ. ಬಸ್ಸಿನ ತುಂಬ ಹೆಂಗಸರು, ಕೈಯಲ್ಲಿ ಸಣ್ಣ ಸ್ಟೌಗಳು, ಕಂಬಳಿಗಳು. ಚಳಿಗಾಲಕ್ಕೆ ಸರಿಯಾಗಿ ವಾಪಸ್ ಹೊರಟವರು ಇವಳೊಬ್ಬಳೇ ಅಲ್ಲ.

"ಬೈಯೋಕೆ ಬಂದ್ರಾ?" ಎಂದಳು.

"ಹೌದು."

"ಬೈರಿ. ಬಸ್ ಹೊರಡೋಕೆ ಟೈಮಿದೆ."

ಬೈಯಲು ಏನೂ ಉಳಿದಿರಲಿಲ್ಲ. ಮಾರಿಯಾನ್ ಕೊಟ್ಟ ದಪ್ಪ ಕೈಗವಸುಗಳನ್ನು ಕೊಟ್ಟೆ. ಹಾಕಿ ನೋಡಿ, ದೊಡ್ಡದಾಯಿತು ಎಂದಳು. ಆದರೂ ಬಿಚ್ಚಲಿಲ್ಲ. ಬಸ್ಸು ಹೊರಟ ಮೇಲೆ ಆ ದೊಡ್ಡ ಕೈಗವಸು ಕಿಟಕಿಯಲ್ಲಿ ಒಂದು ಸಲ ಆಡಿತು.

ಚಳಿಗಾಲ ಕೆಟ್ಟದಾಗಿತ್ತು. ಅವರ ವಿದ್ಯುತ್ ಕೇಂದ್ರಗಳ ಮೇಲೆ ದಾಳಿಯಾಗುತ್ತಿದ್ದ ಸುದ್ದಿ ದಿನವೂ ಬರುತ್ತಿತ್ತು. ಫೋನ್ ಮಾಡಿದರೆ ಸಿಗುತ್ತಿರಲಿಲ್ಲ. ಒಮ್ಮೆ ಸಿಕ್ಕಾಗ, ಕರೆಂಟ್ ಇಲ್ಲದ್ದರಿಂದ ಕ್ರೇನ್ ಅಲ್ಲಾಡಿಯೇ ಇಲ್ಲ, ತಾನು ಒಡೆದ ಕಿಟಕಿಗಳಿಗೆ ಪ್ಲೈವುಡ್ ಹೊಡೆಯುತ್ತಿದ್ದೇನೆ ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಲ್ಲೂ ನೆಲದ ಮೇಲೆಯೇ! ಅಷ್ಟಕ್ಕೆ ಅಲ್ಲಿಯವರೆಗೆ ಹೋಗಬೇಕಿತ್ತೇ ಎಂದು ಕೂಗಿದೆ. ಆ ಕಡೆಯಿಂದ ಸುತ್ತಿಗೆಯ ಸದ್ದು ಮಾತ್ರ ಕೇಳಿಸಿತು, ಆಮೇಲೆ ಲೈನು ಹೋಯಿತು.

ಮಾರ್ಚಿನ ಕೊನೆಗೆ, ನಾನು ಬಣ್ಣ ಹೊಡೆಯುವ ಹೆಂಗಸಿನ ವಿಷಯಕ್ಕೆ ಮೂರನೆಯ ಕಂಟ್ರಾಕ್ಟರನ ಹತ್ತಿರ ಬೈಸಿಕೊಂಡು ಬಂದು ಕೂತಿದ್ದ ಮಧ್ಯಾಹ್ನ, ಅವಳ ಸಂದೇಶ ಬಂತು. ಪೋಲಿಷಿನಲ್ಲೇ ಬರೆದಿದ್ದಳು, ತಪ್ಪುತಪ್ಪಾಗಿ. ಕರೆಂಟ್ ಬಂದಿದೆ. ಇವತ್ತು ಹತ್ತಿದೆ. ಬೆಳಗಿನಿಂದ ಎಷ್ಟು ಸಲ ಸೈರನ್ ಊದಿತೋ, ಅಷ್ಟೂ ಸಲ ಎಲ್ಲರೂ ಇಳಿದೆವು, ಎಲ್ಲರೂ ಹತ್ತಿದೆವು. ಒಂದೇ ಒಂದು ಹಲಗೆ ಕೂಡ ಮೇಲೆ ಹೋಗಲಿಲ್ಲ. ಎಂಜಿನಿಯರು ಎಲ್ಲರ ಮೇಲೂ ರೇಗುತ್ತಿದ್ದಾನೆ. ಮಂಡಿ ಸತ್ತೇಹೋಗಿದೆ.

ಬಹಳ ಹೊತ್ತು ಅದನ್ನು ಓದುತ್ತ ಕೂತೆ. ಆಮೇಲೆ, ಮಂಡಿಗೆ ಬಿಸಿನೀರಿನ ಶಾಖ ಕೊಡಿ, ನಾಳೆ ಗಾಳಿ ಇದ್ದರೆ ಹತ್ತಬೇಡಿ ಎಂದು ಬರೆದು ಕಳಿಸಿದೆ.